ಪ್ಯಾಚ್ ಮೇಲ್‌ನಲ್ಲೋ, ಪುಲ್ ರಿಕ್ವೆಸ್ಟಿನಲ್ಲೋ: ಎರಡೂ ಕಳಿಸುವವನ ಅನುಭವ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನ ಕೆಲಸ. ಬಿಡುವಾದಾಗ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಸಣ್ಣಪುಟ್ಟ ಪ್ಯಾಚ್, ಅಂದರೆ ಕೋಡ್‌ನ ತಿದ್ದುಪಡಿ, ಮೇಲ್‌ನಲ್ಲಿ ಕಳಿಸುತ್ತೇನೆ. ಕೋಡ್ ಇಡುವ ವೆಬ್‌ಸೈಟ್ ಗಿಟ್‌ಹಬ್‌ನಲ್ಲಿರುವ ಒಂದೆರಡು ಪ್ರಾಜೆಕ್ಟ್‌ಗಳಿಗೆ ಪುಲ್ ರಿಕ್ವೆಸ್ಟೂ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಹಾಕುತ್ತೇನೆ. ಹಾಗಾಗಿ ಸರಸ್ವತಿಪುರಂನಲ್ಲಿ ಗೆಳೆಯರು ಸೇರಿದಾಗ ಜಗಳ ಶುರುವಾದರೆ ಎರಡೂ ಕಡೆಯವರು ನನ್ನ ಮುಖ ನೋಡುತ್ತಾರೆ. ಜಗಳ ಯಾವಾಗಲೂ ಅದೇ. ಬಟನ್ ಒತ್ತಿದರೆ ಆಗೋ ಕೆಲಸಕ್ಕೆ ಕರ್ನಲ್‌ನವರು ಇನ್ನೂ ಮೇಲ್ ಕಳಿಸು ಅಂತಾರಲ್ಲ, ಇಷ್ಟೊಂದು ಮಡಿ ಯಾಕೆ?

ಕಾಲೇಜು ಹುಡುಗರ ಸಿಟ್ಟಿನಲ್ಲಿ ನ್ಯಾಯ ಇದೆ. ಮಂಡ್ಯದಿಂದ ಬರುವ ಹುಡುಗನೊಬ್ಬ ಬ್ರೌಸರ್‌ನಲ್ಲಿ ಜಿಮೇಲ್ ತೆರೆದು, ಪ್ಯಾಚನ್ನು ಅಲ್ಲೇ ಅಂಟಿಸಿ ಕಳಿಸಿದ್ದ. ಕರ್ನಲ್ ಕೋಡ್‌ನಲ್ಲಿ ಸಾಲನ್ನು ಒಳಗೆ ಸರಿಸಲು ಟ್ಯಾಬ್ ಬಳಸುತ್ತಾರೆ. ಜಿಮೇಲ್ ಆ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿತ್ತು, ಉದ್ದ ಸಾಲುಗಳನ್ನು ನಡುವೆ ಮುರಿದಿತ್ತು. ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತಿತ್ತು, ಆ ಕಡೆ ಮಾತ್ರ ಪ್ಯಾಚ್ ಮೂಲ ಕೋಡ್‌ನಲ್ಲಿ ಕೂರಲೇ ಇಲ್ಲ. ಜಿಮೇಲ್‌ನ ವೆಬ್ ಪುಟದಿಂದ ಪ್ಯಾಚ್ ಕಳಿಸಲು ಆಗದು ಅಂತ ಕರ್ನಲ್‌ನ ದಾಖಲೆಯಲ್ಲೇ ಬರೆದಿದೆ. ಅದನ್ನೆಲ್ಲ ಓದಿಕೊಂಡು ಯಾರು ಶುರು ಮಾಡ್ತಾರೆ ಹೇಳಿ.

ಅವನಿಗೆ ನನ್ನ ವ್ಯವಸ್ಥೆಯನ್ನೇ ಮಾಡಿಕೊಟ್ಟೆ. ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿ, ಒಂದು ಆ್ಯಪ್ ಪಾಸ್‌ವರ್ಡ್ ಪಡೆದು, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಟೂಲ್‌ನ ಸೆಂಡ್-ಇಮೇಲ್ ಕಮಾಂಡ್‌ಗೆ ಜಿಮೇಲ್‌ನ ಎಸ್‌ಎಂಟಿಪಿ (ಮೇಲ್ ಕಳಿಸುವ ಸರ್ವರ್) ವಿಳಾಸ ಮತ್ತು 587ನೇ ಪೋರ್ಟ್ ಕೊಡಬೇಕು. ಮೊದಲ ಪ್ಯಾಚ್ ನಮಗೆ ನಾವೇ ಕಳಿಸಿಕೊಳ್ಳಬೇಕು. ಬಂದ ಮೇಲನ್ನು ಫೈಲ್ ಮಾಡಿ, ಕೋಡ್‌ನ ಹೊಸ ಬ್ರಾಂಚ್‌ನಲ್ಲಿ (ಕವಲಿನಲ್ಲಿ), ಮೇಲ್‌ನ ಪ್ಯಾಚನ್ನು ಕೋಡ್‌ಗೆ ಸೇರಿಸುವ ಗಿಟ್ ಎಎಂ ಓಡಿಸಿದಾಗ ಕೂತರೆ, ಕೋಡ್‌ನ ಆ ಭಾಗ ನೋಡಿಕೊಳ್ಳುವ ಮೇಂಟೇನರ್ ಹತ್ತಿರವೂ ಕೂರುತ್ತದೆ. ಕಳಿಸುವ ಮುಂಚೆ ತಪ್ಪು ಹುಡುಕುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸುತ್ತೇನೆ. ಯಾರ್‍ಯಾರಿಗೆ ಕಳಿಸಬೇಕು ಅನ್ನೋದನ್ನು ಗೆಟ್ ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ.

ನಮ್ಮ ಕಡೆಯ ಹೆಸರುಗಳದ್ದು ಬೇರೆ ಫಜೀತಿ. ಹೆಸರಾದ ಮೇಲೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಕೊನೆಗೊಂದು ಚುಕ್ಕಿ. ಗಿಟ್‌ನ ಹಳೆಯ ಆವೃತ್ತಿಗಳು ಆ ಕೊನೆಯ ಚುಕ್ಕಿಯನ್ನು ಕಸ ಅಂತ ಕಿತ್ತುಹಾಕುತ್ತಿದ್ದವು. ನಾವು ಪ್ಯಾಚ್‌ಗೆ ಸಹಿಯಂತಿರುವ ಸೈನ್ಡ್-ಆಫ್-ಬೈ ಸಾಲನ್ನು ಚುಕ್ಕಿ ಸಮೇತ ಕೈಯಲ್ಲಿ ಬರೆದರೆ, ಕಳಿಸಿದವನ ಹೆಸರು ಬೇರೆ, ಸಹಿ ಹಾಕಿದವನ ಹೆಸರು ಬೇರೆ ಅಂತ ಚೆಕ್‌ಪ್ಯಾಚ್ ತಕರಾರು ತೆಗೆಯುತ್ತದೆ. ನಾನು ಚುಕ್ಕಿಯನ್ನೇ ಬಿಟ್ಟಿದ್ದೇನೆ, ಸಹಿಯನ್ನು ಗಿಟ್ಟೇ ಹಾಕಲಿ ಅಂತ ಕಮಿಟ್ ಮಾಡುವಾಗ (ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವಾಗ) -ಎಸ್ ಆಯ್ಕೆ ಕೊಡುತ್ತೇನೆ. ಆ ಸಾಲಿಗೆ ಬೆಲೆ ಇದೆ. ಎಸ್‌ಸಿಒ ಕಂಪನಿ ಲಿನಕ್ಸ್ ಕೋಡ್ ವಿಚಾರಕ್ಕೆ ಕೋರ್ಟ್ ಹತ್ತಿದ್ದ ಕಾಲದಲ್ಲಿ, 2004ರಲ್ಲಿ, ಈ ಕೋಡ್ ಕೊಡುವ ಹಕ್ಕು ನನಗಿದೆ ಅನ್ನೋ ಮಾತಾಗಿ ಅದು ಬಂತು.

ಆಫೀಸ್ ಮೇಲ್‌ನಿಂದ ಕಳಿಸುವವರ ಕಷ್ಟ ಇನ್ನೂ ತಮಾಷೆ. ಹಿಂದೆ ನಾನಿದ್ದ ಕಂಪನಿಯ ಸರ್ವರ್ ಪ್ರತಿ ಮೇಲ್‌ನ ಬಾಲಕ್ಕೂ 'ಇದು ಗೌಪ್ಯ, ನಿಮಗಲ್ಲದಿದ್ದರೆ ಅಳಿಸಿಬಿಡಿ' ಅಂತ ಅಂಟಿಸುತ್ತಿತ್ತು. ಇಡೀ ಜಗತ್ತಿಗೆ ಕೊಡುತ್ತಿರುವ ಕೋಡ್‌ನ ಕೆಳಗೆ ಗೌಪ್ಯ! ಅಂಥ ಮೇಲನ್ನು ಮೇಂಟೇನರ್‌ಗಳು ಮುಟ್ಟೋದಿಲ್ಲ. ಈಗ ಬಿ4 ಅನ್ನೋ ಟೂಲ್ ಇದೆ. ಎಸ್‌ಎಂಟಿಪಿ ಇಲ್ಲದೆ ಕರ್ನಲ್.ಆರ್ಗ್‌ನ ಮೂಲಕವೇ ಪ್ಯಾಚ್ ಕಳಿಸಬಹುದು.

ಇಷ್ಟೆಲ್ಲ ಗೋಳಿದ್ದರೂ ಜಗಳದಲ್ಲಿ ನಾನು ಜಾಸ್ತಿ ಮೇಲ್ ಕಡೆಗೇ ವಾಲುತ್ತೇನೆ. ಕಳಿಸುವವರು ಸಾವಿರ ಜನ, ಓದುವವರು ಬೆರಳೆಣಿಕೆ. ಪುಲ್ ರಿಕ್ವೆಸ್ಟ್ ನನ್ನ ಸಮಯ ಉಳಿಸುತ್ತದೆ, ಮೇಲ್ ಆದರೋ, ಓದುವವರ ಸಮಯ ಉಳಿಸುತ್ತದೆ. ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಇದು ನನಗೇ ಗೊತ್ತಾಗುತ್ತದೆ. ಪಾಂಡವಪುರ ದಾಟಿದ ಮೇಲೆ ನೆಟ್ ಬಂದು ಹೋಗಿ ಮಾಡುತ್ತಿರುತ್ತದೆ. ಮೇಲ್‌ಗಳು ಮೊದಲೇ ಲ್ಯಾಪ್‌ಟಾಪಿಗೆ ಇಳಿದಿರುತ್ತವೆ. ಬೇರೆಯವರ ಪ್ಯಾಚ್ ಓದಿ, ಆಯಾ ಸಾಲಿನ ಕೆಳಗೇ ನನ್ನ ಮಾತು ಬರೆದಿಟ್ಟರೆ ಮದ್ದೂರು ಬರುವಷ್ಟರಲ್ಲಿ ರಿವ್ಯೂ ಮುಗಿದಿರುತ್ತದೆ. ಇನ್ನೊಂದು, ಮೇಲ್‌ನಲ್ಲಿ ಕಮಿಟ್ ಸಂದೇಶವೂ ಕೋಡ್ ಜೊತೆಗೇ ಕಣ್ಣೆದುರಿಗಿರುತ್ತದೆ. ಬದಲಾವಣೆ ಯಾಕೆ ಮಾಡಿದೆ ಅಂತ ಬರೆಯದಿದ್ದರೆ ಅಲ್ಲೇ ಹಿಡಿಯುತ್ತಾರೆ. ಗಿಟ್‌ಹಬ್‌ನಲ್ಲಿ 'ಫಿಕ್ಸ್', 'ಮತ್ತೆ ಫಿಕ್ಸ್' ಅಂತ ಕಮಿಟ್ ಪೇರಿಸಿದರೂ ಎಷ್ಟೋ ಕಡೆ ಯಾರೂ ಕೇಳೋದಿಲ್ಲ.

2012ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್ ತೆಗೆದುಕೊಳ್ಳೋದಿಲ್ಲ ಅಂದಾಗಲೂ ದೂರು ಇಂಥದ್ದೇ: ಕಳಿಸಿದವರ ಸರಿಯಾದ ಮೇಲ್ ವಿಳಾಸವೂ ಅದರಲ್ಲಿ ಉಳಿಯೋದಿಲ್ಲ ಅಂತ. ಹಾಗಂತ ಪುಲ್ ರಿಕ್ವೆಸ್ಟ್ ಅವರಿಗೆ ಅಸಡ್ಡೆ ಏನಲ್ಲ. ಕರ್ನಲ್‌ನ ದೊಡ್ಡ ಮೇಂಟೇನರ್‌ಗಳು ಅವರಿಗೆ ಕಳಿಸೋದು ಪುಲ್ ರಿಕ್ವೆಸ್ಟನ್ನೇ, ಆದರೆ ಮೇಲ್‌ನಲ್ಲಿ. ಇದನ್ನು ಹೇಳಿದರೆ ನಮ್ಮ ಹುಡುಗರು ನಂಬೋದಿಲ್ಲ.

ಗಿಟ್‌ಹಬ್ ಒಳಗೂ ಒಮ್ಮತ ಇಲ್ಲ. ರಿವ್ಯೂ ಬಂದ ಮೇಲೆ ಹೊಸ ಕಮಿಟ್ ಸೇರಿಸಬೇಕೋ, ಹಳೆಯದನ್ನೇ ತಿದ್ದಿ ಫೋರ್ಸ್ ಪುಶ್ ಮಾಡಬೇಕೋ, ಅಂದರೆ ಅಲ್ಲಿದ್ದದ್ದರ ಜಾಗಕ್ಕೆ ತಿದ್ದಿದ್ದನ್ನು ಹಾಕಬೇಕೋ? ಒಂದು ಪ್ರಾಜೆಕ್ಟ್‌ನಲ್ಲಿ ಶಭಾಷ್ ಅನ್ನಿಸಿಕೊಂಡ ಕೆಲಸಕ್ಕೇ ಇನ್ನೊಂದರಲ್ಲಿ ಬೈಗುಳ. ನಾನು ಹಾಕುವ ಮುಂಚೆ ಆ ಪ್ರಾಜೆಕ್ಟ್‌ನ ಈಚಿನ ಕಮಿಟ್‌ಗಳನ್ನು ನೋಡುತ್ತೇನೆ. ಅವರು ಬರೆದಿಟ್ಟ ನಿಯಮಕ್ಕಿಂತ ಅದೇ ನಿಜ ಹೇಳುತ್ತದೆ. ತಿದ್ದುವುದೇ ಆದರೆ, 2018ರಲ್ಲಿ ಗಿಟ್ 2.19ಕ್ಕೆ ಸೇರಿದ ರೇಂಜ್-ಡಿಫ್ ಓಡಿಸಿ, ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಅಂತ ಕಾಮೆಂಟಿನಲ್ಲಿ ಹಾಕುತ್ತೇನೆ. ಮೇಲ್‌ನಲ್ಲಾದರೆ ಎರಡನೇ ಆವೃತ್ತಿ ಅಂತ ತಲೆಬರಹದಲ್ಲೇ ಹಾಕಿ, ಮೂರು ಅಡ್ಡಗೆರೆಯ ಕೆಳಗೆ ಬದಲಾದದ್ದನ್ನು ಬರೆಯುತ್ತೇನೆ. ಅದು ಗಿಟ್ ಇತಿಹಾಸಕ್ಕೆ ಹೋಗೋದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಹುಡುಗರ ಮುಂದೆ ನನ್ನ ಬಾಯಿ ಕಟ್ಟುತ್ತದೆ. ಪುಲ್ ರಿಕ್ವೆಸ್ಟ್ ತೆರೆದಿದೆಯೋ ಮುಚ್ಚಿದೆಯೋ ಅಂತ ಬಣ್ಣದಲ್ಲೇ ಕಾಣುತ್ತದೆ, ಟೆಸ್ಟ್ ಎಲ್ಲಿ ಬಿತ್ತು ಅಂತಲೂ ಕಾಣುತ್ತದೆ. ಮೇಲ್ ಕಳಿಸಿದವನಿಗೆ ಉತ್ತರ ಬರದಿದ್ದರೆ ಪ್ಯಾಚ್ ಬೇಡವಾಯ್ತೋ, ಯಾರೂ ನೋಡಲೇ ಇಲ್ಲವೋ ಗೊತ್ತಾಗೋದಿಲ್ಲ. ಕನಿಷ್ಠ ಒಂದು ವಾರ ಕಾಯಿರಿ, ಆಮೇಲೆ ನೆನಪಿಸಿ ಅನ್ನುತ್ತದೆ ಕರ್ನಲ್ ದಾಖಲೆ. ಮಂಡ್ಯದ ಹುಡುಗ ಈಗ ಅದನ್ನೇ ಮಾಡುತ್ತಿದ್ದಾನೆ. ಪ್ಯಾಚ್ ಏನಾಯ್ತು ಸಾರ್ ಅಂತ ಮಾತ್ರ ನನ್ನನ್ನೇ ಕೇಳುತ್ತಾನೆ.