ಟೆಸ್ಲಾ ಕಾಯಿಲ್‌ಗೆ ಚಿಮಣಿ ಪೈಪಿನ ಸಿಂಬೆ

ಮೊದಲ ಆರು ತಿಂಗಳು, ವೋಲ್ಟೇಜನ್ನು ವಿಪರೀತ ಏರಿಸಿ ಗಾಳಿಗೆ ಕಿಡಿ ಹಾರಿಸುವ ನನ್ನ ಟೆಸ್ಲಾ ಕಾಯಿಲ್‌ನ ತಲೆಯ ಮೇಲೆ ಕೂತಿದ್ದದ್ದು ಒಂದು ಸ್ಟೀಲ್ ಚೆಂಬು. ದುಂಡಗಿದೆ, ಲೋಹದ್ದು, ಇನ್ನೇನು ಬೇಕು ಅಂದುಕೊಂಡಿದ್ದೆ. ದೀಪ ಆರಿಸಿ ಸ್ವಿಚ್ ಹಾಕಿದರೆ ಚೆಂಬಿನ ಕಂಠದಿಂದ ನಾಲ್ಕು ಬೆರಳಿನಷ್ಟು ನೇರಳೆ ಕುಚ್ಚು ಹೊರಡುತ್ತಿತ್ತು. ಅದರ ಜೊತೆಗೇ ಚೆಂಬಿನ ಕೆಳಗೆ ನಿಂತ ಉದ್ದದ ಸೆಕೆಂಡರಿ ಸುರುಳಿಯ ಕೊನೆಯ ಸುತ್ತಿನಲ್ಲೂ ಸುಯ್ ಎನ್ನುವ ಇನ್ನೊಂದು ಕುಚ್ಚು. ಅದು ಅಲ್ಲಿ ಇರಲೇಬಾರದು. ವಾರ ಕಳೆಯುವಷ್ಟರಲ್ಲಿ ಅಲ್ಲಿನ ವಾರ್ನಿಷ್ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತು.

ಗಾಳಿ ಒಂದು ಸೆಂಟಿಮೀಟರಿಗೆ ಸುಮಾರು 30 ಕಿಲೋವೋಲ್ಟ್ ತಡೆಯುತ್ತದೆ. ಆದರೆ ಅಂಚು ಚೂಪಾದಷ್ಟೂ ವಿದ್ಯುತ್ ಕ್ಷೇತ್ರ ಅಲ್ಲೇ ಗುಂಪುಗೂಡಿ, ವೋಲ್ಟೇಜ್ ಪೂರ್ತಿ ಏರುವ ಮೊದಲೇ ವಿದ್ಯುತ್ ಸೋರಿಹೋಗುತ್ತದೆ. ಚೆಂಬಿನ ಕಂಠ, ತೆಳು ತಂತಿಯ ಕೊನೆ, ಎರಡೂ ಅಂಥ ಜಾಗಗಳೇ. ಬೇಕಾದದ್ದು ಸುರುಳಿಗಿಂತ ಅಗಲವಾಗಿದ್ದು, ಕೊನೆಯ ಸುತ್ತುಗಳಿಗೆ ಕೊಡೆಯಂತೆ ಮರೆಯಾಗುವ ದಪ್ಪ ಬಳೆ. ಈ ಕಾಯಿಲ್ ಕಂಡುಹಿಡಿದ ನಿಕೋಲಾ ಟೆಸ್ಲಾ 1902ರಲ್ಲಿ ಅರ್ಜಿ ಹಾಕಿ 1914ರಲ್ಲಿ ಪಡೆದ ಪೇಟೆಂಟಿನ ಚಿತ್ರದಲ್ಲೂ ಇಂಥದ್ದೇ ಉಬ್ಬು ಬಳೆ ಇದೆ. ಅಮ್ಮ ನನ್ನ ಸ್ಕೆಚ್ ನೋಡಿ, "ಇದು ಕೊಡ ಹೊರೋ ಸಿಂಬೆ ಅಲ್ವೇನೋ" ಅಂದಳು. ಈ ಬಳೆಗೆ ಇಂಗ್ಲಿಷಿನಲ್ಲಿ ಟೊರಾಯ್ಡ್ ಅಂತಾರೆ, ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಸಿಂಬೆ ಅಂತಲೇ ಹೆಸರು.

ನನ್ನ ಸೆಕೆಂಡರಿ 110 ಮಿ.ಮೀ. ಪಿವಿಸಿ ಪೈಪಿನ ಮೇಲೆ 26 ಗೇಜ್ ತಂತಿಯ ಸುಮಾರು ಸಾವಿರ ಸುತ್ತು, ಅರ್ಧ ಮೀಟರ್ ಎತ್ತರ. ಅದಕ್ಕೆ ಹೊಂದುವಂತೆ ನಾಲ್ಕಿಂಚು ದಪ್ಪದ, ಹದಿನಾಲ್ಕು ಇಂಚು ಅಗಲದ ಸಿಂಬೆ ಅಂತ ನಿರ್ಧರಿಸಿದೆ. ಅದರ ಕೆಪಾಸಿಟೆನ್ಸ್, ಅಂದರೆ ವಿದ್ಯುದಾವೇಶ ಹಿಡಿದಿಡುವ ಶಕ್ತಿ, ಲೆಕ್ಕಕ್ಕೆ ಸುಮಾರು 15.5 ಪಿಕೋಫ್ಯಾರಡ್, ಚೆಂಬಿನದು ಏಳೂ ಇರಲಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ನಾಲ್ಕಿಂಚಿನ ಚಿಮಣಿ ಪೈಪು ಕೇಳಿದರೆ ಎರಡು ಥರದ್ದು ಕೊಡುತ್ತಾರೆ. ನಾನು ಮೊದಲು ತಂದದ್ದು ಥಳಥಳ ಹೊಳೆಯುವ, ಮೆತ್ತಗಿನ ಪೈಪು. ಮನೆಗೆ ಬಂದು ಮಲ್ಟಿಮೀಟರ್ ಹಚ್ಚಿದರೆ ಬೀಪ್ ಇಲ್ಲ! ಅಲ್ಯೂಮಿನಿಯಂ ಫಾಯಿಲ್ ಮೇಲೆ ಪ್ಲಾಸ್ಟಿಕ್ ಪದರ ಅಂಟಿಸಿದ ಮಾಲು. ಬೇಕಾದದ್ದು ಬರೀ ಅಲ್ಯೂಮಿನಿಯಂನದು, ಬಗ್ಗಿಸಿದರೆ ಬಗ್ಗಿದಂತೆಯೇ ನಿಲ್ಲುವಂಥದ್ದು. ಎರಡನೇ ಸಲ ಮೀಟರನ್ನೇ ಅಂಗಡಿಗೆ ಒಯ್ದೆ.

ಬಗ್ಗಿಸುವಾಗ ಆತುರ ಕೂಡದು. ಹೊರಬದಿಯ ನೆರಿಗೆ ಬಿಚ್ಚಿಕೊಳ್ಳುತ್ತದೆ, ಒಳಬದಿಯದು ಒತ್ತರಿಸುತ್ತದೆ. ಹೊರಸುತ್ತು 110 ಸೆಂ.ಮೀ. ದಾಟಿದರೆ ಒಳಸುತ್ತು ಅದರ ಅರ್ಧವೂ ಇಲ್ಲ. ತುದಿಗಳನ್ನು ಒಂದರೊಳಗೊಂದು ತೂರಿಸಿ ಅಲ್ಯೂಮಿನಿಯಂ ಟೇಪ್ ಸುತ್ತಿದೆ. ನಡುವಿನ ಖಾಲಿ ಜಾಗಕ್ಕೆ ಏಳಿಂಚಿನ ಎರಡು ತಿಂಡಿ ತಟ್ಟೆ, ತಳಕ್ಕೆ ತಳ ಸೇರಿಸಿ, ಬೋಲ್ಟ್ ಹಾಕಿ. ಅರಳಿದ ಅಂಚುಗಳು ಪೈಪನ್ನು ಮೇಲೂ ಕೆಳಗೂ ಹಿಡಿದುಕೊಳ್ಳುತ್ತವೆ. ಸ್ಟೀಲಿಗೆ ತೂತು ಕೊರೆಯುವಾಗ ಡ್ರಿಲ್ಲನ್ನು ಜೋರಾಗಿ ಓಡಿಸಿ ಎರಡು ಬಿಟ್ ಸುಟ್ಟುಕೊಂಡೆ. ಎರಡು ಹನಿ ಎಣ್ಣೆ ಬಿಟ್ಟು ನಿಧಾನಕ್ಕೆ ತಿರುಗಿಸಿದ ಮೇಲೆ ಮೂರನೆಯದು ಬೆಣ್ಣೆಯಂತೆ ಇಳಿಯಿತು.

ಇಡೀ ಕೆಲಸದಲ್ಲಿ ಸಮಯ ತಿಂದದ್ದು ಟೇಪು. ಎರಡಿಂಚಿನ ಟೇಪನ್ನು ಹಾಗೇ ಹಚ್ಚಿದರೆ ಉಬ್ಬಿನ ಮೇಲೆ ಮುದುಡುತ್ತದೆ. ಬೆರಳಗಲದ ಪಟ್ಟಿ ಕತ್ತರಿಸಿ, ಪೈಪಿಗೆ ಬಳೆಯಂತೆ ಅಡ್ಡಡ್ಡ ಸುತ್ತಿ, ಪ್ರತಿ ಪಟ್ಟಿಯನ್ನೂ ಚಮಚದ ಬೆನ್ನಿನಿಂದ ಉಜ್ಜಿದೆ. ಅಂಟು ವಿದ್ಯುತ್ ಹರಿಯಗೊಡುವುದಿಲ್ಲ ಅನ್ನುವುದು ಮರೆತೇಹೋಗಿತ್ತು. ಮೊದಲ ಓಟದಲ್ಲಿ ಪಟ್ಟಿಗಳ ಸಂದಿನಲ್ಲೇ ಪುಟಾಣಿ ಕಿಡಿ ಸಿಡಿದು ಅಂಟು ಸುಟ್ಟ ವಾಸನೆ ಬಂತು. ಎಲ್ಲ ಕಿತ್ತು ಮತ್ತೆ ಹಚ್ಚಿದೆ. ಈ ಸಲ ಪ್ರತಿ ಪಟ್ಟಿಯ ತುದಿಯನ್ನು ಅರ್ಧ ಇಂಚು ಒಳಕ್ಕೆ ಮಡಚಿದೆ, ಲೋಹಕ್ಕೆ ಲೋಹ ತಾಗಲಿ ಅಂತ.

ಮತ್ತೆ ಸ್ವಿಚ್ ಹಾಕಿದರೆ, ಏನೂ ಇಲ್ಲ. ಕೆಳಗೆ ಸ್ಪಾರ್ಕ್ ಗ್ಯಾಪ್ (ಕಿಡಿ ಜಿಗಿಯುವ ಕಿರು ಸಂದು) ಚಟಪಟ ಅನ್ನುತ್ತಿದೆ, ಮೇಲೆ ಕತ್ತಲು. ಸಿಂಬೆಯ ತೂಕಕ್ಕೆ ಸೆಕೆಂಡರಿಯ ಕಂಪನಾಂಕ ಸುಮಾರು 280 ಕಿಲೋಹರ್ಟ್ಸ್‌ನಿಂದ 225ಕ್ಕೆ ಇಳಿದಿತ್ತು (ತೂಕ ಅಂದರೆ ಕಿಲೋ ಅಲ್ಲ, ಪಿಕೋಫ್ಯಾರಡ್), ಅದಕ್ಕೆ ಶಕ್ತಿ ಊಡಿಸುವ ಬುಡದ ಸುರುಳಿ, ಪ್ರೈಮರಿ, ಇನ್ನೂ ಚೆಂಬಿನ ಕಾಲದಲ್ಲೇ ಇತ್ತು. ಎರಡರ ಕಂಪನಾಂಕ ಹೊಂದಿದರಷ್ಟೇ ಕಿಡಿ. ಪ್ರೈಮರಿಗೆ ಸಿಕ್ಕಿಸಿದ ಕ್ಲಿಪ್ಪನ್ನು ಒಂಬತ್ತೂಕಾಲನೇ ಸುತ್ತಿನಿಂದ ಕಾಲು ಕಾಲು ಸುತ್ತು ಹೊರಕ್ಕೆ ಸರಿಸುತ್ತಾ ಹೋದೆ. ಪ್ರತಿ ಸಲವೂ ಪ್ಲಗ್ ಕಿತ್ತು, ಕೆಪಾಸಿಟರನ್ನು ಕೋಲಿಗೆ ಕಟ್ಟಿದ ತಂತಿಯಿಂದ ಶಾರ್ಟ್ ಮಾಡಿ ಆಮೇಲೇ ಕೈ ಹಾಕುವುದು. 9 ಕಿಲೋವೋಲ್ಟ್, 30 ಮಿಲಿಆಂಪಿಯರಿನ ನಿಯಾನ್ ಟ್ರಾನ್ಸ್‌ಫಾರ್ಮರ್ ಎರಡನೇ ಅವಕಾಶ ಕೊಡದೆ ಹೋಗಬಹುದು. ಹನ್ನೊಂದೂವರೆ ಸುತ್ತಿಗೆ ಬಂದಾಗ ಕಿಡಿ ಹೊರಟಿತು, ಆದರೆ ಹುಚ್ಚಾಪಟ್ಟೆ, ಒಂದೊಂದು ಸಲ ಒಂದೊಂದು ದಿಕ್ಕಿಗೆ. ಹೊರ ಅಂಚಿಗೆ ಒಂದು ಗುಂಡುಸೂಜಿ ಸಿಕ್ಕಿಸಿದೆ. ಅದರ ಮೊನೆ ಕೆಂಪಗೆ ಕಾದು ಬಾಗಿತು. ಹಿತ್ತಾಳೆ ಸ್ಕ್ರೂ ಹಾಕಿದ ಮೇಲೆ ಅರ್ತ್ ಮಾಡಿದ ಸರಳಿಗೆ 38 ಸೆಂ.ಮೀ. ಕಿಡಿ, ಕೊನೆಯ ಸುತ್ತಿನ ಸುಯ್ ಸದ್ದು ಮಾಯ.

ಸಿಂಬೆ ಪೂರ್ತಿ ಮುಚ್ಚಿದ ಲೋಹದ ಬಳೆಯಾದರೆ ಶಾರ್ಟ್ ಆದ ಸುತ್ತಿನಂತೆ ತನ್ನೊಳಗೇ ಕರೆಂಟ್ ಸುತ್ತಿಸಿ ಶಕ್ತಿ ತಿನ್ನುವುದಿಲ್ಲವೇ ಅಂತ ಭಯವಿತ್ತು. ಅಷ್ಟು ಎತ್ತರದಲ್ಲಿ ಅದರಿಂದ ತೊಂದರೆ ಕಾಣಲಿಲ್ಲ. ಆದರೆ ಒಂದು ರಾತ್ರಿ ಕಿಡಿ ಕೆಳಗಿಳಿದು ಪ್ರೈಮರಿಗೇ ಬಡಿದ ಮೇಲೆ, ಅದರ ಮೇಲೆ ಕಾವಲಿಗೆ ತಾಮ್ರದ ಪೈಪಿನ ಬಳೆಯೊಂದನ್ನು ಹಾಕಿ ಅರ್ತ್ ಕೊಟ್ಟಿದ್ದೇನೆ. ಅದು ಪ್ರೈಮರಿಗೆ ತೀರ ಹತ್ತಿರ, ಹಾಗಾಗಿ ಅದರ ಎರಡು ತುದಿ ಕೂಡದಂತೆ ನಡುವೆ ಒಂದಿಂಚು ಬಿಟ್ಟಿದ್ದೇನೆ.