ಮೇಜಿನ ಮೇಲೆ ಮಾತಾಡುವ ತಲೆ: ಗಣೇಶೋತ್ಸವದ ವೇದಿಕೆಗೆ ಒಂದು ಜಾದೂ

ಜಾತ್ರೆಯ ಟೆಂಟಿನಲ್ಲಿ ಬರೀ ತಲೆಯೊಂದು ಮೇಜಿನ ಮೇಲೆ ಕೂತು ಮಾತಾಡುವುದನ್ನು ನೋಡಿದ್ದೀರಲ್ವಾ? ಕರ್ನಲ್ ಸ್ಟೊಡೇರ್ ಎಂಬ ಜಾದೂಗಾರ 1865ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ‘ಸ್ಫಿಂಕ್ಸ್’ ಎಂಬ ಹೆಸರಲ್ಲಿ ತೋರಿಸಿದ ಆಟವಿದು. ಗುಟ್ಟು ಎಂದೋ ಹೊರಬಿದ್ದಿದೆ. ಆದರೂ ಜನ ಬಾಯಿ ಬಿಟ್ಟು ನೋಡುತ್ತಾರೆ. ಬೆಳಗಾವಿಯ ಯಾವುದೇ ಗಲ್ಲಿಯ ಗಣೇಶ ಮಂಡಳದವರು ಇದನ್ನು ಮಾಡಬಹುದು. ಕೈಚಳಕ ಕಡಿಮೆ, ಲೆಕ್ಕಾಚಾರ ಜಾಸ್ತಿ.

ಮೊದಲು ಮೇಜು. ಬಡಿಗೇರರಿಗೆ ಮೂರು ಕಾಲಿನ ಮೇಜು ಮಾಡಲು ಹೇಳಿ. ಒಂದು ಕಾಲು ಜನರ ಕಡೆಗೆ, ಎರಡು ಹಿಂದೆ. ಮುಂದಿನ ಕಾಲಿನಿಂದ ಹಿಂದಿನ ಎರಡೂ ಕಾಲುಗಳಿಗೆ ಒಂದೊಂದು ಕನ್ನಡಿ ನಿಲ್ಲಿಸಿ. ನಡುವೆ ಸರಿಯಾಗಿ 90 ಡಿಗ್ರಿ ಇರಲಿ. ಕನ್ನಡಿ ಎರಡೂವರೆ ಅಡಿ ಅಗಲವಿದ್ದರೆ ಹಿಂದೆ ಒಬ್ಬ ಹುಡುಗ ಮಂಡಿಯೂರಿ ಕೂರಬಹುದು. ಅಕ್ರಿಲಿಕ್ ಕನ್ನಡಿ ಹಗುರ, ಒಡೆಯುವ ಭಯವಿಲ್ಲ. ಆದರೆ ಪ್ಲೈವುಡ್‌ಗೆ ಅಂಟಿಸದಿದ್ದರೆ ಬಾಗುತ್ತದೆ.

ಈಗ ಪರದೆ. ಹಿಂದೆ, ಎಡಕ್ಕೆ, ಬಲಕ್ಕೆ ಒಂದೇ ಥಾನಿನ ಬಟ್ಟೆ ಕಟ್ಟಿ. ಮುಂದಿನ ಕಾಲಿನಿಂದ ಮೂರೂ ಪರದೆ ಒಂದೇ ದೂರದಲ್ಲಿರಬೇಕು. ಕನ್ನಡಿ ತೋರಿಸುವುದು ಪಕ್ಕದ ಪರದೆಯನ್ನು, ಜನ ಅದನ್ನೇ ಹಿಂದಿನ ಪರದೆ ಅಂದುಕೊಳ್ಳುತ್ತಾರೆ. ಮೇಜಿನ ಕೆಳಗೆ ಖಾಲಿ ಇದ್ದಂತೆ ಕಾಣುವುದು ಹೀಗೆ. ಮೂರಕ್ಕೂ ಬೆಳಕು ಒಂದೇ ಸಮ ಬೀಳಲಿ. ನೆಲಕ್ಕೆ ಚಿತ್ತಾರವಿಲ್ಲದ ಜಮಖಾನ ಹಾಸಿ.

ಆಟ ಕೆಡುವುದು ಹೆಚ್ಚಾಗಿ ಜಾದೂಗಾರನ ಕಾಲಿನಿಂದ. ಮೇಜಿನ ಪಕ್ಕಕ್ಕೆ ಹೋದರೆ ಕನ್ನಡಿಯಲ್ಲಿ ನಿಮ್ಮ ಪ್ಯಾಂಟು ಕಾಣುತ್ತದೆ. ಹಿಂದೆ ನಿಂತರೆ ಕಾಲೇ ಮಾಯ! ಮೇಜಿನ ಮುಂದಿನ ಕಾಲಿನ ನೇರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಅದನ್ನು ದಾಟದೆ ಅಭ್ಯಾಸ ಮಾಡಿ.

ಇನ್ನು ನೋಡುವವರು. ಗಲ್ಲಿಯಲ್ಲಿ ಮಾಳಿಗೆ ಮೇಲಿಂದ ನೋಡುವವರು ಇದ್ದೇ ಇರುತ್ತಾರೆ. ಅವರಿಗೆ ಮೇಜಿನ ಹಿಂಬದಿಯೂ ಕಂಡೀತು. ಅದಕ್ಕೆ ವೇದಿಕೆಯ ಮೇಲ್ಭಾಗದಲ್ಲಿ ಮುಂದೆಯೂ ಒಂದು ಬಟ್ಟೆ ಇಳಿಬಿಡಿ. ತೀರಾ ಪಕ್ಕದಲ್ಲಿ ಕುರ್ಚಿ ಹಾಕಬೇಡಿ. ಮೊದಲೇ ಪ್ರತಿ ಮೂಲೆಯಿಂದ, ಮಕ್ಕಳ ಎತ್ತರದಿಂದಲೂ ಮೊಬೈಲಿನಲ್ಲಿ ಫೋಟೊ ತೆಗೆದು ನೋಡಿ. ಹಬ್ಬದ ಹೊತ್ತಿಗೆ ನಮ್ಮಲ್ಲಿ ಜಿಟಿಜಿಟಿ ಮಳೆ, ಕನ್ನಡಿಗೆ ಹಬೆ ಕೂರುತ್ತದೆ. ಪರದೆ ಏಳುವ ಮುಂಚೆ ಒಣಬಟ್ಟೆಯಿಂದ ಒರೆಸಿ. ಒಂದು ಬೆರಳಿನ ಗುರುತು ಸಾಕು, ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ.

ಆಟ ಹೀಗೆ ನಡೆಯಲಿ. ಮುಚ್ಚಿದ ಪೆಟ್ಟಿಗೆ ತಂದು ಮೇಜಿನ ಮೇಲಿಡಿ. ಮೇಜಿಗೂ ಪೆಟ್ಟಿಗೆಯ ತಳಕ್ಕೂ ತೂತಿರುತ್ತದೆ, ಹುಡುಗ ತಲೆ ಒಳಗೆ ತೂರಿಸುತ್ತಾನೆ. ಮುಂದಿನ ಬಾಗಿಲು ತೆರೆಯಿರಿ. ಕಣ್ಣು ಮುಚ್ಚಿದ ತಲೆ ನಿಧಾನವಾಗಿ ಕಣ್ಣು ಬಿಡಲಿ. ‘ಹಸಿವಾಗೇತ್ರಿ ಕಾಕಾ’ ಅನ್ನಲಿ. ಕೈ ಚಾಚಿ ಒಂದು ಚೂರು ಕುಂದಾ ತಿನ್ನಿಸಿ. ಒಳಗೆ ಸೆಖೆ, ಐದು ನಿಮಿಷಕ್ಕಿಂತ ಜಾಸ್ತಿ ಎಳೆಯಬೇಡಿ.

ಕೊನೆಗೆ ಬಾಗಿಲು ಮುಚ್ಚಿ, ಎರಡು ಮಾತಾಡಿ, ಮತ್ತೆ ತೆರೆಯಿರಿ. ಸ್ಟೊಡೇರ್ ಒಂದು ಹಿಡಿ ಬೂದಿ ತೋರಿಸುತ್ತಿದ್ದ. ನೀವು ಕುಂದಾದ ಖಾಲಿ ಡಬ್ಬಿ ತೋರಿಸಿ. ಅದನ್ನು ಹುಡುಗನೇ ಕೆಳಗಿನಿಂದ ಇಟ್ಟು, ತೂತಿನ ಮುಚ್ಚಳ ಎಳೆದುಕೊಳ್ಳಬೇಕು. ಮುಚ್ಚಳ ಸದ್ದು ಮಾಡದಂತೆ ಅಂಚಿಗೆ ಬಟ್ಟೆ ಅಂಟಿಸಿರಿ.