ದೂರದ ನೌಕೆ, ತಡವಾಗಿ ಬರುವ ಸಂಕೇತ: ಒಂದು ಆಟವನ್ನು ರೂಪಿಸಿದ ನನ್ನ ಅನುಭವ

ಸೌರಮಂಡಲದ ಶೋಧನೆಯನ್ನೇ ವಸ್ತುವಾಗಿಸಿಕೊಂಡ ಕಂಪ್ಯೂಟರ್ ಆಟವೊಂದನ್ನು ರೂಪಿಸಲು ಹೊರಟಾಗ, ನೌಕೆಯನ್ನು ನೇರವಾಗಿ ಓಡಿಸುವ ಸೌಕರ್ಯವನ್ನು ಆಟಗಾರರಿಗೆ ಕೊಡಬಾರದೆಂದು ನಾನು ಮೊದಲೇ ತೀರ್ಮಾನಿಸಿದ್ದೆ. ರೇಡಿಯೋ ಸಂಕೇತ ಚಂದ್ರನನ್ನು ತಲುಪಲು ಸುಮಾರು 1.3 ಸೆಕೆಂಡು ಸಾಕು. ಮಂಗಳಕ್ಕಾದರೆ ಗ್ರಹಗಳ ಸ್ಥಾನವನ್ನು ಅನುಸರಿಸಿ 3ರಿಂದ 22 ನಿಮಿಷ, ನೆಪ್ಚೂನ್‌ಗೆ ನಾಲ್ಕು ಗಂಟೆಗಳಷ್ಟು ಬೇಕು. ಕೀಲಿ ಒತ್ತಿ ಅಷ್ಟು ಹೊತ್ತು ಕಾಯಿಸಿದರೆ ಅದು ಆಟವಾಗುವುದಿಲ್ಲ. ಗಡಿಯಾರವನ್ನು ವೇಗವಾಗಿ ಓಡಿಸಿ ದಾಟಿಸಿದರೆ ವಿಳಂಬಕ್ಕೆ ಬೆಲೆಯೇ ಉಳಿಯುವುದಿಲ್ಲ. ಆದ್ದರಿಂದ ಆಟದ ತಿರುಳನ್ನು ಮುಂದಾಲೋಚನೆಯ ಮೇಲೆ ನಿಲ್ಲಿಸಿದೆ.

ಇದಕ್ಕೆ ನನ್ನ ಮುಂದಿದ್ದ ಮಾದರಿ ಮಂಗಳಯಾನ. 2014ರ ಸೆಪ್ಟೆಂಬರ್ 24ರಂದು ಅದು ಮಂಗಳದ ಕಕ್ಷೆಯನ್ನು ಸೇರಿದಾಗ ಸಂಕೇತಕ್ಕೆ ಸುಮಾರು 12 ನಿಮಿಷ ಹಿಡಿಯುತ್ತಿತ್ತು. ಎಂಜಿನ್ ಉರಿಯುತ್ತಿರುವಾಗಲೇ ನೌಕೆ ಗ್ರಹದ ಮರೆಗೆ ಸರಿಯಿತು. ಬೇಕಾದ ಆದೇಶಗಳನ್ನೆಲ್ಲ ಕೆಲವು ದಿನ ಮೊದಲೇ ಕಳುಹಿಸಿದ್ದರಿಂದ, ಆ ಹೊತ್ತಿನಲ್ಲಿ ಬೆಂಗಳೂರಿನ ನಿಯಂತ್ರಣ ಕೇಂದ್ರದವರಿಗೆ ಉಳಿದಿದ್ದದ್ದು ಕಾಯುವುದಷ್ಟೇ. ನನ್ನ ಆಟದಲ್ಲೂ ಆಟಗಾರರು ಆದೇಶಗಳ ಸರಣಿಯನ್ನು ಬರೆಯುತ್ತಾರೆ: ಇಂಥ ಹೊತ್ತಿಗೆ ತಿರುಗು, ಇಷ್ಟು ಹೊತ್ತು ಎಂಜಿನ್ ಉರಿಸು, ಬ್ಯಾಟರಿ ಈ ಮಟ್ಟಕ್ಕಿಂತ ಇಳಿದರೆ ಉಪಕರಣಗಳನ್ನೆಲ್ಲ ಆರಿಸಿ ಆಂಟೆನಾವನ್ನು ಭೂಮಿಯತ್ತ ತಿರುಗಿಸು. ಈ ಕೊನೆಯ ಬಗೆಯ ಷರತ್ತನ್ನು ಬರೆಯುವುದರಲ್ಲಿಯೇ ಆಟಗಾರರ ಜಾಣತನ ಬಯಲಾಗುತ್ತದೆ.

ಪ್ರತಿ ನೌಕೆಗೂ ಎರಡು ಸ್ಥಿತಿಗಳನ್ನು ಇರಿಸಿದೆ: ನೌಕೆ ನಿಜವಾಗಿ ಇರುವ ಸ್ಥಿತಿ ಒಂದು, ಭೂಕೇಂದ್ರಕ್ಕೆ ತಿಳಿದಿರುವ ಸ್ಥಿತಿ ಇನ್ನೊಂದು. ಪರದೆಯ ಮೇಲೆ ಕಾಣುವುದು ಎರಡನೆಯದು ಮಾತ್ರ. ಪ್ರತಿ ಅಂಕಿಯ ಪಕ್ಕದಲ್ಲೂ ಅದು ಎಷ್ಟು ಹಳೆಯದೆಂದು ನಮೂದಾಗಿರುತ್ತದೆ, ಮತ್ತು ಕೊನೆಯ ವರದಿಯಿಂದ ಊಹಿಸಿದ ಈಗಿನ ಸ್ಥಾನ ಮಸುಕಾದ ಗೆರೆಯಲ್ಲಿ ತೋರುತ್ತದೆ. ಒಳಗಡೆ, ಸಂದೇಶಗಳೆಲ್ಲ ತಲುಪುವ ಸಮಯದ ಕ್ರಮದಲ್ಲಿ ಸರದಿ ನಿಂತಿರುತ್ತವೆ. ಸಂಕೇತ ದಾರಿಯಲ್ಲಿರುವಾಗ ಪಡೆಯುವವರೂ ಚಲಿಸುತ್ತಿರುವುದರಿಂದ, ಅವರು ಆಗ ಎಲ್ಲಿರುತ್ತಾರೆಂಬುದನ್ನು ಎರಡು ಮೂರು ಸುತ್ತು ತಿದ್ದಿ ಲೆಕ್ಕ ಹಾಕಬೇಕಾಗುತ್ತದೆ. ಆಟವನ್ನು ಅರ್ಧಕ್ಕೆ ಉಳಿಸಿ ಎದ್ದರೆ ದಾರಿಯಲ್ಲಿರುವ ಸಂದೇಶಗಳೂ ಕಡತದಲ್ಲಿ ಸೇರಿರಬೇಕು.

ವಿಳಂಬಕ್ಕಿಂತ ಹೆಚ್ಚು ರಸವತ್ತಾಗಿ ಒದಗಿದ್ದು ದತ್ತಾಂಶದ ಬಡತನ. ದೂರ ಇಮ್ಮಡಿಯಾದರೆ ಕೈಗೆಟಕುವ ಸಂಕೇತದ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಆಂಟೆನಾದ ವಿಸ್ತೀರ್ಣ, ಪ್ರಸಾರಕದ ಶಕ್ತಿ ಮತ್ತು ದೂರದ ವರ್ಗ (ದೂರವನ್ನು ದೂರದಿಂದಲೇ ಗುಣಿಸಿದ್ದು), ಈ ಮೂರರಿಂದಲೇ ಬಿಟ್‌ಗಳ ವೇಗವನ್ನು ನಿರ್ಧರಿಸಿದೆ. 1991ರಲ್ಲಿ ಗೆಲಿಲಿಯೋ ನೌಕೆಯ ದೊಡ್ಡ ಆಂಟೆನಾ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಸೆಕೆಂಡಿಗೆ 1,34,000 ಬಿಟ್‌ಗಳನ್ನು ಕಳುಹಿಸಬೇಕಿದ್ದ ನೌಕೆಯಿಂದ, ಸಣ್ಣ ಆಂಟೆನಾದ ಮೂಲಕ ಹೆಚ್ಚೆಂದರೆ 160 ಬಿಟ್‌ಗಳನ್ನು ಪಡೆದು ಗುರುಗ್ರಹದ ಅಧ್ಯಯನವನ್ನು ನಡೆಸಲಾಯಿತು. ಅದೇ ಇಕ್ಕಟ್ಟನ್ನು ಒಂದು ಹಂತವಾಗಿ ಮಾಡಿದೆ: ನೌಕೆಯ ನೆನಪಿನಲ್ಲಿ ಹತ್ತಾರು ಚಿತ್ರಗಳಿವೆ, ನೌಕೆ ಗುರುವಿನ ಮುಂದಿನ ಉಪಗ್ರಹದ ಬಳಿ ಸೇರುವಷ್ಟರಲ್ಲಿ ಕಳುಹಿಸಲು ಸಾಧ್ಯವಿರುವುದು ಕೆಲವನ್ನು ಮಾತ್ರ, ಉಳಿದವನ್ನು ಅಳಿಸದೆ ಹೊಸದಕ್ಕೆ ಜಾಗವಿಲ್ಲ. ಹೆಬ್ಬೆರಳ ಉಗುರಿನಷ್ಟು ಚಿಕ್ಕ ಮಾದರಿ ಚಿತ್ರಗಳನ್ನು ಮೊದಲು ತರಿಸಿಕೊಂಡು ಆರಿಸುವ ಅವಕಾಶವಿದೆ, ಆದರೆ ಅದಕ್ಕೂ ಬಿಟ್‌ಗಳು ಖರ್ಚಾಗುತ್ತವೆ.

ವಿಳಂಬವನ್ನು ತೆಗೆದುಹಾಕುವ ಆಯ್ಕೆ ಇರಲಿ ಎಂದು ಪರೀಕ್ಷಿಸಿ ನೋಡಿದ ಕೆಲವರು ಕೇಳಿದರು. ನಾನು ಒಪ್ಪಲಿಲ್ಲ. ಅದರ ಬದಲು, ಸಂಕೇತ ಹೋಗಿಬರಲು ಮೂರು ಸೆಕೆಂಡೂ ಹಿಡಿಯದ ಚಂದ್ರನ ಮೇಲಿನ ಬಂಡಿಯೊಂದನ್ನು ಮೊದಲ ಹಂತದಲ್ಲಿ ಅವರ ಕೈಗೆ ಕೊಟ್ಟಿದ್ದೇನೆ.